ಹುಗ್ಗಿ ಆರುವ ಮುನ್ನ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಮಸ್ಕಿಯ ಮೇಲೆ ಮೋಡ ಮಡುವಿನಿಂದೆದ್ದ ಎಮ್ಮೆಯಂತೆ ಒದ್ದೆ ಮೈಯಲ್ಲಿ ನಿಂತುಬಿಟ್ಟಿತ್ತು. ಸುರಿಯುವ ಮನಸ್ಸಿಲ್ಲ, ಸರಿಯುವ ಮನಸ್ಸೂ ಇಲ್ಲ. ನಸುಕಿನಲ್ಲಿ ನಾಲ್ಕು ಹನಿ ಉದುರಿಸಿದ್ದಕ್ಕೇ ಬಸ್‌ಸ್ಟ್ಯಾಂಡಿನ ಎರೆಮಣ್ಣು ಚಪ್ಪಲಿ ಹಿಡಿದು ಬಿಡಲೊಲ್ಲದು. ಮೇಘಾ ತನ್ನ ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬ್ಯಾಗಿಗಿಳಿಸಿ, ಬ್ಯಾಗನ್ನು ಕೂಸಿನ ಹಾಗೆ ಎದೆಗವಚಿಕೊಂಡು ಲಿಂಗಸುಗೂರಿನ ಬಸ್ಸಿಗಾಗಿ ಕಾಯುತ್ತಿದ್ದಳು.

ಆ ಲ್ಯಾಪ್‌ಟಾಪಿನೊಳಗೆ ಅವಳ ಹನ್ನೊಂದು ತಿಂಗಳಿದ್ದವು. ಸಿಂಧನೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಅವಳು ವಿಡಿಯೋ ಗೇಮ್ ಕಟ್ಟಲು ಕೂತಿದ್ದಳು. ಕಂಪನಿಯಿಲ್ಲ, ಮೇಲಧಿಕಾರಿಯಿಲ್ಲ. ಕೋಡು ಬರೆಯುವವಳು, ಸದ್ದು ಕೂಡಿಸುವವಳು, ಜಾಹೀರಾತು ಹಾಕುವವಳು, ಬೈಗುಳಕ್ಕೆ ಉತ್ತರ ಕೊಡುವವಳು, ಎಲ್ಲ ಅವಳೇ. ಚಿತ್ರ ಮಾತ್ರ ಲಿಂಗಸುಗೂರಿನ ಗೆಳತಿ ಶೈಲಜಾಳದು. ಆಟದ ಹೆಸರು ‘ಪಂಕ್ತಿ’. ಮಠದ ದಾಸೋಹ, ಸಾಲಾಗಿ ಕೂತ ಜನ, ಆಡುವವರು ಬಕೆಟ್ಟು, ಸವುಟು ಹಿಡಿದು ಬಡಿಸುವವರು. ರೊಟ್ಟಿ, ಪಲ್ಯ, ಹುಗ್ಗಿ, ಅನ್ನ, ಸಾರು. ತಡವಾದರೆ ಕೂತವರ ತಲೆಯ ಮೇಲಿನ ಹಸಿರು ಪಟ್ಟಿ ಕೆಂಪಾಗುತ್ತದೆ, ಅವರು ಎದ್ದು ಹೋಗುತ್ತಾರೆ.

ಅವಳ ಅಪ್ಪ ಅಂಬಪ್ಪ ಸರಕಾರಿ ಕಚೇರಿಯ ಗುಮಾಸ್ತ. ಮಾತು ಕಡಿಮೆ, ಆಡಿದ ಮಾತಿಗೆ ಮೊಹರು ಒತ್ತಿದಂತೆ ಅಂತ್ಯ. ಮಗಳಿಗೆ ಬ್ಯಾಂಕಿನಿಂದ ನೇಮಕದ ಕಾಗದ ಬಂದ ದಿನ ಅವನು ಹೇಳಿದ್ದು ಇಷ್ಟು: “ಒಂದನೇ ತಾರೀಕಿಗೆ ಹಾಜರಾಗಬೇಕಂತ ಐತಿ. ಅಷ್ಟರಾಗ ಎರಡು ಸಾವಿರ ಮಂದಿ ನಿನ್ನ ಆಟ ಬೇಕಂತ ಹೆಸರು ಬರಸಲಿ. ಬರಸಿದ್ರ ಈ ಕಾಗದ ನಾನ ಹರೀತೀನಿ. ಇಲ್ಲಂದ್ರ ನೀ ಸುಮ್ಮನ ಹೋಗಿ ಸಹಿ ಮಾಡು.”

ಹೆಸರು ಬರೆಸುವುದೆಂದರೆ, ಆಟ ಮಾರುವ ಇಂಟರ್‌ನೆಟ್ ಅಂಗಡಿಯಲ್ಲಿ ಜನ ‘ಇದು ಬಂದಾಗ ನನಗೆ ತಿಳಿಸಿ’ ಎಂದು ಗುರುತು ಹಾಕಿಕೊಳ್ಳುವುದು. ಮೂರು ತಿಂಗಳಲ್ಲಿ ಹಾಗೆ ಬರೆಸಿದವರು ನೂರ ನಲವತ್ಮೂರು ಮಂದಿ. ಮುಂದಿನ ಸೋಮವಾರದಿಂದ ಅಂಗಡಿಯಲ್ಲಿ ಮಾದರಿ ಆಟಗಳ ವಾರ. ಲೋಕದ ಮೂಲೆಮೂಲೆಯವರು ಬಂದು ಹೊಸ ಆಟಗಳನ್ನು ಪುಕ್ಕಟೆ ಆಡಿ ನೋಡುವ ಸಂತೆ. ಅದಕ್ಕೆ ಈ ಗುರುವಾರ ಸಂಜೆ ಐದರೊಳಗೆ ಆಟ ಏರಿಸಬೇಕು. ಅದಾದರೆ ಉಂಟು, ಇಲ್ಲವಾದರೆ ಬ್ಯಾಂಕು.

ಲಿಂಗಸುಗೂರಿನಲ್ಲಿ ಬಸ್ ಬದಲಿಸಿ ಗುರುಗುಂಟಾದ ಬಸ್ಸು ಹತ್ತುವಾಗ ಶೈಲಜಾ ಸೀಟು ಹಿಡಿದು ಕೂತಿದ್ದಳು.

“ಪರೀಕ್ಷಾಕ ಬಿಟ್ಟ ತುಣುಕು ಎಷ್ಟು ನಿಮಿಷ ಆಡಾಕತ್ತಾರ ಮಂದಿ?” ಎಂದು ಕೇಳಿದಳು.

“ಏಳು ನಿಮಿಷ. ಆಮ್ಯಾಲ ಮುಚ್ಚಿ ಹೋಗ್ತಾರ.”

“ಏಳು ನಿಮಿಷ ಅಂದ್ರ ಕಡಿಮಿ ಏನಲೇ? ನಮ್ಮಪ್ಪ ನನ್ನ ಮಾತು ಮೂರು ನಿಮಿಷ ಕೇಳಂಗಿಲ್ಲ.”

ಮೇಘಾ ನಗಲಿಲ್ಲ. ಆಟ ಕೆಟ್ಟಿದ್ದರೆ ತಿದ್ದಬಹುದಿತ್ತು. ಬಕೆಟ್ಟು ಛಾವಣಿ ತೂರಿ ಆಕಾಶಕ್ಕೆ ಹೋಗುತ್ತಿದ್ದುದನ್ನು ತಿದ್ದಿದ್ದಳು. ಕಂಬಕ್ಕೆ ರೊಟ್ಟಿ ಬಡಿಸಿದರೂ ಅಂಕ ಬರುತ್ತಿದ್ದುದನ್ನು ತಿದ್ದಿದ್ದಳು. ಈಗ ಎಲ್ಲ ಸರಿಯಿತ್ತು, ಆದರೆ ಸಪ್ಪೆ. ತಪ್ಪಿಗೆ ಮದ್ದುಂಟು, ಸಪ್ಪೆಗೆ ಎಲ್ಲಿ ಹುಡುಕುವುದು? ಅದಕ್ಕೇ ಅವಳು, ಬಡಿಸುವುದನ್ನೇ ಬಲ್ಲ ಒಬ್ಬರ ಕೈಗೆ ಆಟ ಕೊಟ್ಟು ನೋಡಬೇಕೆಂದು ಹೊರಟಿದ್ದಳು.

ಗುರುಗುಂಟಾದಿಂದ ಆಚೆ, ಜೋಳದ ಹೊಲಗಳ ನಡುವೆ ಒಂದು ಸಣ್ಣ ಮಠವಿದೆ. ಅಲ್ಲಿ ಶ್ರಾವಣ ಸೋಮವಾರಗಳಂದು ದಾಸೋಹ. ಅಲ್ಲಿ ಸವುಟಿನ ಯಜಮಾನ ಗುರುಬಸವಪ್ಪ. ವಯಸ್ಸು ಅರವತ್ತೆಂಟು, ಹನ್ನೆರಡಕ್ಕೆ ಹಿಡಿದ ಸವುಟನ್ನು ಇನ್ನೂ ಕೆಳಗಿಟ್ಟಿಲ್ಲ. ತೆಳ್ಳಗಿನ ಉದ್ದ ಆಳು. ಹಣೆಯ ವಿಭೂತಿ ಒಲೆಯ ಬೆವರಿಗೆ ಕರಗಿ ಹುಬ್ಬಿಗಿಳಿದಿರುತ್ತದೆ. ಮೊದಲ ಪಂಕ್ತಿಗೆ ಇನ್ನೂ ತಾಸಿತ್ತು. ಶೈಲಜಾಳ ಸೋದರಮಾವನ ಪರಿಚಯದವರಾದ್ದರಿಂದ ಅವರು ಕೈ ಒರೆಸಿಕೊಂಡು ಬಂದು ಕಂಬಕ್ಕೊರಗಿ ಕೂತರು. ಮೇಘಾ ಲ್ಯಾಪ್‌ಟಾಪು ತೆರೆದು ಅವರ ಮುಂದಿಟ್ಟಳು.

“ಇದರಾಗ ನಾ ಎಲ್ಲಿದೀನಿ?”

“ಇಲ್ಲಿ ರೀ ಕಾಕಾರ, ಬಕೆಟ್ಟು ಹಿಡಿದಾಂವ ನೀವ. ಈ ಗುಂಡಿ ಒತ್ತಿದ್ರ ನಡೀತೀರಿ. ಇದನ್ನ ಒತ್ತಿದ್ರ ಬಡಿಸ್ತೀರಿ.”

ಅವರ ಬೆರಳು ಬೇಗ ಪಳಗಿತು. ಐವತ್ತಾರು ವರ್ಷ ತೂಕ ತಪ್ಪದ ಕೈ ಅದು. ಮೊದಲ ಸಾಲಿಗೆ ರೊಟ್ಟಿ ಹಾಕಿ ಎರಡನೆಯದಕ್ಕೆ ತಿರುಗಿದವರು ತಟ್ಟನೆ ನಿಂತುಬಿಟ್ಟರು.

“ಅಯ್ಯ! ಇವ್ರು ಉಣ್ಣಾಕತ್ತಾರಲ್ಲಬೇ!”

“ಹೌದ್ರಿ, ಬಡಿಸಿದ್ರಲ್ಲ.”

“ಹಿಂದಿನ ಸಾಲಿಗಿ ಇನ್ನಾ ಎಲಿ ಬಿದ್ದಿಲ್ಲ! ಏ ತಮ್ಮಾ, ಕೈ ತಗೀ!” ಎಂದು ಪರದೆಯೊಳಗಿನವನಿಗೇ ಗದರಿದರು. ಅಷ್ಟರಲ್ಲಿ ಮೂರನೆಯ ಸಾಲಿನವನ ತಲೆಯ ಮೇಲೆ ಪಟ್ಟಿ ಕೆಂಪಾಯಿತು. “ಇದೇನು, ಇವನ ನೆತ್ತಿ ಮ್ಯಾಲ?”

“ಸಿಟ್ಟು ರೀ. ತಡಾ ಆದ್ರ ಎದ್ದು ಹೋಗ್ತಾನ.”

ಗುರುಬಸವಪ್ಪ ಲ್ಯಾಪ್‌ಟಾಪಿನಿಂದ ಕೈ ತೆಗೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಗಿಯೊಬ್ಬಳು ಉಪ್ಪಿನ ಬದಲು ಸಕ್ಕರೆ ಹಾಕಿ ಸಾರು ಮಾಡಿದ್ದನ್ನು ರುಚಿ ನೋಡಿದವರ ಮರುಕವಿತ್ತು.

“ತಂಗೀ, ಇದು ಖಾನಾವಳಿ. ದಾಸೋಹ ಅಲ್ಲ.” ಅವಳತ್ತ ತಿರುಗಿದರು. “ನೀ ಎಂದರ ಪಂಕ್ತ್ಯಾಗ ಕುಂತೀಯೇನು?”

“ಇಲ್ರಿ,” ಎಂದಳು ಮೇಘಾ. “ಹೊರಗಿಂದ ನೋಡೀನಿ.”

ಅದು ನಿಜ. ಅವಳು ಆರೇಳು ವರ್ಷದವಳಿದ್ದಾಗ ಅಪ್ಪನ ತಾಯಿ ಗಾಳೆಮ್ಮ, ಈಗ ಮಸ್ಕಿಯ ಮನೆಯ ಕಟ್ಟೆಯಲ್ಲೇ ಇರುವವಳು, ತನ್ನ ತವರಾದ ಗುರುಗುಂಟಾಕ್ಕೆ ಅವಳನ್ನು ಕರೆತರುತ್ತಿದ್ದಳು. ಬಂದಾಗೆಲ್ಲ ಇದೇ ಮಠದ ಹಿಂದಿನ ಕಿಟಕಿಯಲ್ಲಿ ಎತ್ತಿಕೊಂಡು ತೋರಿಸುತ್ತಿದ್ದಳು. ಒಳಗಿನಿಂದ ಜಯಘೋಷ ಕೇಳಿದ ಮೇಲೆಯೇ ಕಿಟಕಿಗೆ ಹೋಗುವುದು ಗಾಳೆಮ್ಮನ ಹಳೆಯ ರೂಢಿ. ಅವಳ ಕಾಲದಲ್ಲಿ ಮಠದೊಳಗೆ ಬಿಡದ ಕೇರಿಯವರಿಗೆ ಅನ್ನ ಬರುತ್ತಿದ್ದುದು ಅದಾದ ಮೇಲೆ. ಹಾಗಾಗಿ ಮೇಘಾ ಕಂಡದ್ದೆಲ್ಲ ಉಣ್ಣುತ್ತಿದ್ದ ಜನ, ಓಡಾಡುತ್ತಿದ್ದ ಬಕೆಟ್ಟುಗಳು, ಬಗ್ಗಿ ಏಳುತ್ತಿದ್ದ ಬೆನ್ನುಗಳು. ಅಷ್ಟು ಚೆಂದದ್ದನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ಆಟ ಹುಟ್ಟಿದ್ದು ಆ ಕಿಟಕಿಯಲ್ಲಿ. ಈಗೀಗ ಮಠದೊಳಗೆ ಹೋದರೆ ಯಾರೂ ತಡೆಯುವುದಿಲ್ಲ. ಆದರೆ ಯಾರೂ ಬನ್ನಿ ಎಂದು ಕರೆದಿರಲೂ ಇಲ್ಲ. ಕರೆಯದ ಕಡೆ ಹೋಗಬಾರದೆಂಬುದು ಅಂಬಪ್ಪನ ಮನೆಯ ಕಟ್ಟಳೆ.

ಇದೆಲ್ಲವನ್ನೂ ಅವಳು ಹೇಳಲಿಲ್ಲ. ಗುರುಬಸವಪ್ಪ ಎದ್ದು ನಿಂತು, “ಇವತ್ತ ಕುಂದ್ರು,” ಎಂದರು.

ಅವಳು ಶೈಲಜಾಳ ಪಕ್ಕದಲ್ಲಿ ಕೂತಳು. ಎಲೆ ಬಂತು. ಉಪ್ಪು ಬಂತು, ಪುಂಡಿಪಲ್ಯ ಬಂತು, ಎಲೆಯ ತುದಿಗೆ ರೊಟ್ಟಿ ಬಂತು. ಗೋಧಿಹುಗ್ಗಿ ಬಿದ್ದಾಗ ಬೆಲ್ಲದ ಹಬೆ ಮೂಗಿಗೆ ಹೊಡೆಯಿತು. ಅವಳ ಕೈ ತಾನಾಗಿ ಮುಂದೆ ಹೋಯಿತು. ಶೈಲಜಾ ಮೊಣಕೈಯಿಂದ ತಿವಿದಳು. ಯಾರೂ ಮುಟ್ಟಿರಲಿಲ್ಲ. ಐದನೆಯ ಸಾಲಿಗೆ ಇನ್ನೂ ಪಲ್ಯ ನಡೆದಿತ್ತು, ಆರನೆಯದಕ್ಕೆ ಎಲೆ. ಎದುರಿನ ಪುಟ್ಟ ಹುಡುಗಿಯೊಬ್ಬಳ ತೋರುಬೆರಳು ಹುಗ್ಗಿಯತ್ತ ಇರುವೆಯ ಹಾಗೆ ಹರಿಯುತ್ತಿತ್ತು. ಅವಳ ತಾಯಿ ಅತ್ತ ನೋಡದೆಯೇ ಆ ಬೆರಳನ್ನು ಎತ್ತಿ ಮಡಿಲಲ್ಲಿಟ್ಟಳು. ಅದು ಮತ್ತೆ ಹೊರಟಿತು. ಮಾತುಗಳು ಒಂದೊಂದಾಗಿ ನಿಂತವು. ಇನ್ನೂರು ಹಸಿವುಗಳು ಒಂದೇ ಸೂರಿನಡಿ ಒಂದನ್ನೊಂದು ಕಾಯುತ್ತ ಕೂತವು. ಹಸಿವು ಅವರವರದು, ಕಾಯುವುದು ಎಲ್ಲರದು. ಶಿವನು ಕೂರಲು ಜಾಗ ಹುಡುಕಿದರೆ ಆ ಎರಡರ ನಡುವೆಯೇ ಕೂತಾನು.

ಗುರುಬಸವಪ್ಪ ಕೊನೆಯ ಎಲೆಗೆ ಹುಗ್ಗಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಸಾಲುಗಳ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ, ಕೈಯೆತ್ತಿದರು.

“ಹರ ಹರ ಮಹಾದೇವ!”

ಇನ್ನೂರು ಕೈಗಳು ಒಮ್ಮೆಲೇ ಎಲೆಗೆ ಬಿದ್ದವು. ಇನ್ನೂರು ರೊಟ್ಟಿ ಮುರಿದ ಸದ್ದು ಒಣ ತೊಗರಿಕಟ್ಟಿಗೆಯ ಮೇಲೆ ಮಳೆ ಬಂದ ಹಾಗೆ ಕೇಳಿಸಿತು. ಮೇಘಾಳ ತೋಳಿನ ಕೂದಲು ಎದ್ದು ನಿಂತವು.

“ಶೈಲೂ,” ಎಂದಳು, ಬಾಯಲ್ಲಿ ತುತ್ತಿಟ್ಟುಕೊಂಡೇ. “ಸಿಟ್ಟಿನ ಪಟ್ಟಿ ತಗೀಬೇಕು.”

“ಉಣ್ಣು ಮೊದಲ.”

“ಅಂಕ ತಗೀಬೇಕು. ಎದ್ದು ಹೋಗೂದು ತಗೀಬೇಕು. ಯಾರೂ ಎದ್ದು ಹೋಗಂಗಿಲ್ಲ ಶೈಲೂ, ಎಲ್ಲಾರೂ ಕಾಯ್ತಾರ! ಆಟ ಇರೂದು ಬಡಿಸೂದ್ರಾಗ ಅಲ್ಲ, ಈಗ ಆತಲ್ಲ, ಇದು, ಈ ಸುಮ್ಮನಾಗೂದು... ಹುಗ್ಗಿ ಹಬಿ ಆರೂದ್ರಾಗ ಎಲ್ಲಾರ ಎಲಿ ತುಂಬಬೇಕು. ಮಕ್ಕಳ ಬೆರಳು ಹರೀತಿರಬೇಕು. ಆಮ್ಯಾಲ ಒಂದ ಗುಂಡಿ. ಒಂದ!”

“ಗುರುವಾರ ಐದಕ್ಕ ಏರಸಬೇಕು ನಾವು.”

“ಹೂಂ.”

“ಇವತ್ತ ಸೋಮವಾರ.”

“ಹೂಂ.”

“ಹುಗ್ಗಿ ನೆತ್ತಿಗೇರೇತಿ ನಿನಗ,” ಎಂದು ಶೈಲಜಾ ಅವಳ ಎಲೆಯಲ್ಲಿದ್ದ ಹಪ್ಪಳ ಎತ್ತಿಕೊಂಡಳು. ಆದರೆ ಎರಡನೆಯ ಪಂಕ್ತಿ ಕೂತಾಗ ಫೋನು ಹಿಡಿದು ಆ ಸದ್ದನ್ನು ಮುದ್ರಿಸಿಕೊಂಡವಳು ಅವಳೇ. ಮೂರನೆಯದರಲ್ಲಿ ಇನ್ನೊಮ್ಮೆ, ಕಂಬದ ಪಕ್ಕದಿಂದ.

ಮಸ್ಕಿಯಲ್ಲಿ ದಸ್ತಗೀರ್‌ಸಾಬನ ಹೊಲಿಗೆ ಅಂಗಡಿಯ ಮೇಲಿನ ಕೋಣೆ ಮೇಘಾಳ ಕಾರ್ಖಾನೆ. ಮಂಗಳವಾರ ಕೋಳಿ ಕೂಗಿದಾಗ ಕೂತವಳು ಊಟಕ್ಕೆ ಎದ್ದಿರಲಿಲ್ಲ. ಹನ್ನೊಂದು ತಿಂಗಳು ಕಟ್ಟಿದ್ದರಲ್ಲಿ ಅರ್ಧವನ್ನು ಅಳಿಸಿದಳು. ಅಳಿಸುವಾಗ ಕಳೆ ಕಿತ್ತ ಹೊಲದ ಹಾಗೆ ಎದೆ ಹಗುರಾಯಿತು. ಬಿಸಿಲೇರುವ ಹೊತ್ತಿಗೆ ಹಬೆ ಬಂತು. ಇಳಿಹೊತ್ತಿಗೆ ಮಕ್ಕಳ ಬೆರಳು ಹರಿದಾಡತೊಡಗಿದವು. ಸದ್ದು ಕೂಡಿಸಿ ಮೊದಲ ಸಲ ಜಯಘೋಷದ ಗುಂಡಿ ಒತ್ತಿದಾಗ ಕೆಳಗಿನ ಹೊಲಿಗೆ ಯಂತ್ರ ನಿಂತಿತು.

“ಏನಬೇ ಮೇಘಾ, ಮ್ಯಾಲ ಮಠಾ ಕಟ್ಟೀಯೇನು?” ಎನ್ನುತ್ತ ದಸ್ತಗೀರ್‌ಸಾಬ್ ಟೇಪು ಕೊರಳಲ್ಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. “ತೋರಸು. ಒಂದ ನಿಮಿಷ ನೋಡಿ ಹೋಗ್ತೀನಿ.”

ಅವನು ನಲವತ್ತು ನಿಮಿಷ ಆಡಿದ. ಕೆಳಗೆ ಕುಪ್ಪಸಕ್ಕೆ ಬಂದಿದ್ದ ಹೆಂಗಸು ಮೂರು ಸಲ ಕೂಗಿದಳು. “ಬಂದೆ ಬಂದೆ, ಒಂದ ಸಾಲಿಗಿ ಹುಗ್ಗಿ ಉಳದೇತಿ,” ಎಂದು ಸಾಬ ಮೇಲಿನಿಂದಲೇ ಕೂಗಿ ಹೇಳಿದ. ನಲವತ್ತು ನಿಮಿಷ! ಏಳಲ್ಲ, ನಲವತ್ತು! ಅವನು ಇಳಿದುಹೋದ ಮೇಲೆ ಮೇಘಾ ಬಾಗಿಲು ಹಾಕಿಕೊಂಡು ಕೋಣೆಯ ನಡುವೆ ಒಬ್ಬಳೇ ಎರಡು ಸುತ್ತು ಕುಣಿದಳು.

ಕುಣಿದು ಕೂತವಳಿಗೆ ಇನ್ನೊಂದು ಹೊಳೆಯಿತು. ಪಂಕ್ತಿ ಯಾವಾಗ ಪೂರ್ತಿಯಾಗುತ್ತದೆ? ಕೂತವರಿಗೆಲ್ಲ ಬಡಿಸಿದಾಗ. ಕೂರದೆ ನಿಂತವರು ಇದ್ದರೆ?

ಶೈಲಜಾಳಿಗೆ ಫೋನು ಹಚ್ಚಿ, “ಒಂದು ಚಿತ್ರ ಬೇಕು. ಕಟ್ಟಿಗಿ ಹೊರಿ ಹೊತ್ತು ಬಾಗಿಲದ ಹೊರಗ ನಿಂತ ಹೆಣ್ಣಮಗಳು. ಪರದೆ ಅಂಚಿನ್ಯಾಗ, ಅರ್ಧ ಕಾಣಬೇಕು,” ಎಂದಳು.

“ಯಾರಿಗೂ ಕಾಣಂಗಿಲ್ಲ ಅದು.”

“ಅದಕ್ಕ.”

ಆಟ ಈಗ ಹೀಗಾಯಿತು: ಎಲ್ಲ ಎಲೆ ತುಂಬಿದರೂ ಜಯಘೋಷದ ಗುಂಡಿ ಒತ್ತಿದರೆ ದನಿ ಏಳುವುದಿಲ್ಲ. ಬಾಗಿಲ ತನಕ ನಡೆದು ಹೋಗಿ, ನಿಂತವಳನ್ನು ಒಳಗೆ ಕರೆದು, ಕೂರಿಸಿ, ಅವಳ ಎಲೆಗೂ ಬಡಿಸಿದ ಮೇಲೆಯೇ ಊಟ. ಹಾಗೆಂದು ಆಟ ಎಲ್ಲಿಯೂ ಹೇಳುವುದಿಲ್ಲ.

ಬುಧವಾರ ಗುರುಬಸವಪ್ಪ ಮಠಕ್ಕೆ ಬೆಲ್ಲ ಕೊಳ್ಳಲು ಮಸ್ಕಿಗೆ ಬಂದವರು, ಬೆಲ್ಲದ ಪೆಂಟೆಗಳನ್ನು ಕೆಳಗೆ ಅಂಗಡಿಯಲ್ಲಿ ಇಳಿಸಿ, ಮೆಟ್ಟಿಲು ಹತ್ತಿದರು. “ಖಾನಾವಳಿ ಮುಚ್ಚೇತೋ ಇಲ್ಲೋ ನೋಡೂಣು.” ಚಿತ್ರ ಕೊಡಲು ಲಿಂಗಸುಗೂರಿನಿಂದ ಬಂದಿದ್ದ ಶೈಲಜಾ ಅವರ ಹಿಂದೆ ನಿಂತು ಫೋನಿನಲ್ಲಿ ಹೊತ್ತು ಎಣಿಸತೊಡಗಿದಳು.

ಎಂಥ ಆಟಗಾರ! ಹೆಜ್ಜೆ ವ್ಯರ್ಥವಿಲ್ಲ. ಬಕೆಟ್ಟು ಬರಿದಾಗುವುದಕ್ಕೂ ಸಾಲು ಮುಗಿಯುವುದಕ್ಕೂ ಸರಿ. ಹಬೆ ಇನ್ನೂ ಮುಕ್ಕಾಲಿದೆ ಎನ್ನುವಾಗಲೇ ಆರೂ ಸಾಲು ಮುಗಿಸಿ, ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯಲ್ಲಿ ಕೂತೇ ಕೈಯೆತ್ತಿ, ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

ಮತ್ತೆ ಒತ್ತಿದರು. ಮೊದಲ ಸಾಲಿಗೆ ಹೋಗಿ ಎಲೆ ಎಲೆ ನೋಡಿಕೊಂಡು ಬಂದರು. “ಉಪ್ಪು ಯಾರಿಗರ ಬಿಟ್ಟೀನೇನು?” ಯಾರಿಗೂ ಬಿಟ್ಟಿರಲಿಲ್ಲ. ಮಕ್ಕಳ ಬೆರಳು ಹರಿಯುತ್ತಿದ್ದವು, ಹಬೆ ತೆಳುವಾಗುತ್ತಿತ್ತು. ಐದು ನಿಮಿಷ, ಎಂಟು ನಿಮಿಷ. “ಮಿಷನ್ನು ಕೆಟ್ಟೇತಿ,” ಎಂದರು.

“ಕೆಟ್ಟಿಲ್ರಿ ಕಾಕಾರ,” ಎಂದಳು ಮೇಘಾ.

ಹನ್ನೆರಡನೆಯ ನಿಮಿಷದಲ್ಲಿ ಅವರು ನಡೆಯುತ್ತ ಬಾಗಿಲ ಬಳಿ ಬಂದಿದ್ದರು. ಪರದೆ ಸ್ವಲ್ಪ ಅತ್ತ ಸರಿಯಿತು. ಕಟ್ಟಿಗೆಯ ಹೊರೆ ಕಂಡಿತು, ಆಮೇಲೆ ಅದರ ಕೆಳಗಿನ ಮುಖ. ಗುರುಬಸವಪ್ಪನವರ ಬೆರಳು ನಿಂತಿತು.

“ಯಾರವ್ವಾ ಈಕಿ?”

“ನಮ್ಮಾಯಿ ರೀ. ಗಾಳೆಮ್ಮ. ನಿಮ್ಮೂರ ಮಗಳು. ಮದುವಿ ಆಗೂ ಮಟ ನಿಮ್ಮ ಮಠಕ್ಕ ಕಟ್ಟಿಗಿ ಹೊತ್ತಾಳ.”

ಗುರುಬಸವಪ್ಪ ಪರದೆಯನ್ನು ನೋಡುತ್ತಲೇ ಇದ್ದರು. ಹಬೆ ಪೂರ್ತಿ ಆರಿ ಆಟ ಸೋತಿತು. ಅವರು ತರಿಸಿಟ್ಟ ಚಹಾ ಹಾಗೇ ಬಿಟ್ಟು, ಹೆಗಲ ವಸ್ತ್ರ ಸರಿಮಾಡಿಕೊಂಡು ಇಳಿದುಹೋದರು. ಬೆಲ್ಲದ ಪೆಂಟೆ ಮರೆತಿದ್ದರು. ದಸ್ತಗೀರ್‌ಸಾಬ್ ಬಸ್‌ಸ್ಟ್ಯಾಂಡಿನ ತನಕ ಸೈಕಲ್ಲಿನಲ್ಲಿ ಒಯ್ದು ಕೊಟ್ಟು ಬಂದ.

“ನೋಡು,” ಎಂದಳು ಶೈಲಜಾ. ಈ ಸಲ ತಮಾಷೆ ಇರಲಿಲ್ಲ. “ಐವತ್ತಾರು ವರ್ಷ ಬಡಿಸಿದವ್ರು ಹನ್ನೆರಡು ನಿಮಿಷ ಸಿಕ್ಕೊಂಡ್ರು. ದೂರದೇಶದಾಗ ಕುಂತಾಂವ ಎರಡ ನಿಮಿಷ ನೋಡಿ, ಆಟ ಕೆಟ್ಟೇತಿ ಅಂತ ಬರದು ಹೋಗ್ತಾನ. ಎರಡು ಸಾವಿರ ಬೇಕು ನಮಗ. ಆಕಿನ್ನ ಈಗ ತಗೀ. ಪೂರ್ತಿ ಆಟ ಬಂದಾಗ ಹಾಕೋಣಂತ.”

ಮಾತು ಸರಿಯಿತ್ತು. ಮೇಘಾ ಆ ಇಡೀ ಸಂಜೆ ಅದನ್ನೇ ತಿರುವಿಹಾಕಿದಳು. ಒಂದೇ ಸಾಲು ಅಳಿಸಿದರೆ ಸಾಕು, ಬಾಗಿಲು ಖಾಲಿ. ಬಡಿಸುವಲ್ಲಿ ತಾನು ತಪ್ಪಿದ್ದು ಹೊರಗೆ ನಿಂತು ನೋಡಿದ್ದರಿಂದ. ಕರೆಯುವಲ್ಲಿ ಗುರುಬಸವಪ್ಪ ತಪ್ಪಿದ್ದು ಯಾವಾಗಲೂ ಒಳಗೇ ಇದ್ದುದರಿಂದ. ಆಡುವವರೂ ತಪ್ಪಲಿ, ತಪ್ಪದಿದ್ದರೆ ಬಾಗಿಲ ತನಕ ಯಾಕೆ ನಡೆದಾರು? ಬೆಳಿಗ್ಗೆ ಶೈಲಜಾಳಿಗೆ ಎರಡೇ ಮಾತು ಕಳಿಸಿದಳು: “ಆಯಿ ಇರ್ತಾಳ.” ಅತ್ತಣಿಂದ ಬಂದ ಉತ್ತರವೂ ಚಿಕ್ಕದೇ: “ಹಂಗಾದ್ರ ಆಕಿ ಸೀರಿ ಬಣ್ಣ ಸರಿ ಮಾಡಿ ಕೊಡ್ತೀನಿ. ತಡೀ.”

ಸರಿಯಾದ ಬಣ್ಣ ಬಂದು, ಎಲ್ಲ ಕೂಡಿಸಿ, ಆಟ ಏರಿಸಲು ಕೂತಾಗ ಗುರುವಾರ ಮಧ್ಯಾಹ್ನ ಒಂದೂವರೆ. ಆ ಹೊತ್ತಿಗೆ ಸರಿಯಾಗಿ ಮಸ್ಕಿಯಲ್ಲಿ ಕರೆಂಟು ಹೋಯಿತು. ಫೋನಿನ ಇಂಟರ್‌ನೆಟ್ಟಿನಲ್ಲಿ ಏರಿಸಿದರೆ ಏಳು ತಾಸು ಬೇಕೆಂದು ಲ್ಯಾಪ್‌ಟಾಪು ಶಾಂತವಾಗಿ ತಿಳಿಸಿತು. ಮೇಘಾ ಅದಕ್ಕೆ ಮತ್ತೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು ಸುತ್ತಿ ಸಿಂಧನೂರಿನ ಬಸ್ಸು ಹತ್ತಿದಳು. ಹಸಿ ನಾಟಿಯ ಗದ್ದೆಗಳು ಕಿಟಕಿಯಲ್ಲಿ ಹಿಂದೋಡುತ್ತಿದ್ದವು. ಅವಳಿಗೆ ಅವು ಸಾಲುಸಾಲು ಎಲೆ ಹಾಸಿದ ಹಾಗೆ ಕಂಡವು.

ಅವಳು ಮೊದಲು ಕೆಲಸಕ್ಕಿದ್ದ ತರಬೇತಿ ಕೇಂದ್ರದ ಯಜಮಾನ ನಿಂಗರಾಜ ಅವಳನ್ನು ಕಂಡು ಕುರ್ಚಿಯಿಂದ ಮುಂದೆ ಬಗ್ಗಿದ. “ರಾಜೀನಾಮಿ ವಾಪಸ್ ತಗೊಳ್ಳಾಕ ಬಂದೀಯೇನು?”

“ಅಲ್ರಿ ಸರ್. ಒಂದ ತಾಸು ನಿಮ್ಮ ಲೈನ್ ಕೊಡ್ರಿ.”

“ಹುಡುಗುರು ಪರೀಕ್ಷಾ ಬರ್ಯಾಕತ್ತಾರ.”

“ಸರ್, ಐದಕ್ಕ ಬಾಗಲಾ ಮುಚ್ತೈತಿ.”

ನಿಂಗರಾಜ ಗಡಿಯಾರ ನೋಡಿದ, ಅವಳ ಚಪ್ಪಲಿಯ ಮಣ್ಣು ನೋಡಿದ, ತನ್ನ ಸ್ವಂತ ಕಂಪ್ಯೂಟರಿನ ವೈರು ಕಿತ್ತು ಅವಳ ಕೈಗೆ ಕೊಟ್ಟ. ನಾಲ್ಕೂ ಹದಿನೈದಕ್ಕೆ ನೂರಕ್ಕೆ ಎಪ್ಪತ್ತೊಂದು ಏರಿ ನಿಂತುಬಿಟ್ಟಿತು. ನಾಲ್ಕೂ ಇಪ್ಪತ್ತೈದಕ್ಕೂ ಎಪ್ಪತ್ತೊಂದು. ನಿಂಗರಾಜ ಒಳಗೆ ಹೋಗಿ, ಪರೀಕ್ಷೆ ಬರೆಯುತ್ತಿದ್ದವರಿಗೆ, “ಯಾವನು ಫೋನಿನ್ಯಾಗ ಪಿಚ್ಚರ್ ನೋಡಾಕತ್ತಾನ? ಬಂದ್ ಮಾಡ್ರಲೇ!” ಎಂದು ಗುಡುಗಿದ. ಎಪ್ಪತ್ತೆರಡು. ಎಂಬತ್ತು. ನಾಲ್ಕೂ ನಲವತ್ತಾರಕ್ಕೆ ನೂರು. ಅಂಗಡಿಯಿಂದ ಒಂದು ಸಾಲಿನ ಪತ್ರ ಬಂತು: ನಿಮ್ಮ ಆಟ ಸ್ವೀಕೃತವಾಗಿದೆ.

ಮೇಘಾ ನಿಂಗರಾಜನ ಕಾಲಿಗೆ ಬಗ್ಗಿದಳು. ಅವನು ಹೌಹಾರಿ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡ.

ಮಾದರಿ ಆಟಗಳ ವಾರ ಶುರುವಾದ ಮರುದಿನ ಹೆಸರು ಬರೆಸಿದವರ ಸಂಖ್ಯೆ ನೂರ ತೊಂ‌ಬತ್ತು. ಬುಧವಾರ ಇನ್ನೂರ ಹದಿನೆಂಟು. ಶೈಲಜಾ ಹೇಳಿದ್ದು ಹೇಳಿದಂತೆಯೇ ನಡೆಯುತ್ತಿತ್ತು. ‘ಕೊನೆಗೆ ಗುಂಡಿ ಕೆಲಸ ಮಾಡುವುದಿಲ್ಲ, ಕೆಟ್ಟ ಆಟ’ ಎಂದು ಒಬ್ಬ ಬರೆದಿದ್ದ. ಹಳೆಯ ಕಂಪ್ಯೂಟರಿನಲ್ಲಿ ರೊಟ್ಟಿಗಳು ಒಂದರ ಮೇಲೊಂದು ಬೆಳೆದು ಛಾವಣಿ ಮುಟ್ಟುತ್ತವೆಂದು ಇನ್ನೊಬ್ಬ ಚಿತ್ರ ಕಳಿಸಿದ್ದ. ಅದನ್ನು ಮೇಘಾ ತಿದ್ದಿ ಏರಿಸಿದಳು. ಅಂಬಪ್ಪ ಕಚೇರಿಯಿಂದ ಫೋನು ಮಾಡಿ ಕೇಳುತ್ತಿದ್ದ: “ಎಷ್ಟಾತು?” ಹೇಳಿದರೆ “ಹೂಂ” ಎಂದು ಇಡುತ್ತಿದ್ದ.

ಗುರುವಾರ ದಕ್ಷಿಣ ಅಮೆರಿಕದ ಯಾವುದೋ ಊರಿನ ಹೆಣ್ಣುಮಗಳೊಬ್ಬಳು ಆಟದ ಪುಟದಲ್ಲಿ ಕೇಳಿದ್ದಳು: ‘ಎರಡು ತಾಸಿನಿಂದ ಮತ್ತೆ ಮತ್ತೆ ಬಡಿಸುತ್ತಿದ್ದೇನೆ. ಎಲ್ಲರ ಎಲೆಯೂ ತುಂಬಿದೆ. ಇವರು ಯಾಕೆ ಉಣ್ಣುತ್ತಿಲ್ಲ?’ ಅದರ ಕೆಳಗೆ ಜಪಾನಿನವನೊಬ್ಬ ಮೂರೇ ಮಾತು ಬರೆದಿದ್ದ: ‘ಬಾಗಿಲ ಕಡೆ ನೋಡು.’ ಹತ್ತು ನಿಮಿಷ ಬಿಟ್ಟು ಅವಳೇ ಮತ್ತೆ ಬಂದಿದ್ದಳು: ‘ನೋಡಿದೆ. ಅಳುತ್ತಿದ್ದೇನೆ. ನನ್ನ ಅಜ್ಜಿಗೆ ಫೋನು ಮಾಡಬೇಕು.’

ಅಲ್ಲಿಂದ ಮುಂದೆ ಅದು ಕಾಲುವೆಗೆ ನೀರು ಬಿಟ್ಟ ಹಾಗೆ. ಯಾರು ಸಿಕ್ಕಿಕೊಂಡು ಕೇಳಿದರೂ ಯಾರೋ ಒಬ್ಬರು ಆ ಮೂರು ಮಾತು ಹೇಳುವರು, ಅದಕ್ಕಿಂತ ಹೆಚ್ಚು ಹೇಳರು. ನೋಡಿದವರು ತಮ್ಮವರಿಗೆ ಆಟ ಕಳಿಸುವರು, ಉತ್ತರ ಮಾತ್ರ ಹೇಳದೆ. ಆಡುವ ಹೊತ್ತು ಏಳು ನಿಮಿಷದಿಂದ ಮೂವತ್ತೆಂಟಕ್ಕೇರಿತು. ಶುಕ್ರವಾರ ಒಂಬೈನೂರು. ಶನಿವಾರ ಸಾವಿರದ ಐನೂರು ದಾಟಿತು. “ಎಷ್ಟಾತು?” ಈಗ ತಾಸಿಗೊಮ್ಮೆ. “ಅಪ್ಪಾ, ನಿನಗ ಕಚೇರ್ಯಾಗ ಕೆಲಸ ಇಲ್ಲೇನು?” “ಐತಿ. ಎಷ್ಟಾತು?”

ಭಾನುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಮನೆಯ ಪಡಸಾಲೆಯಲ್ಲಿ ಅಂಬಪ್ಪ, ಶೈಲಜಾ, ದಸ್ತಗೀರ್‌ಸಾಬ್ ಮೂವರೂ ಮೇಘಾಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾಗ, ಸಂಖ್ಯೆ ಎರಡು ಸಾವಿರದ ನಾಲ್ಕಾಯಿತು. ಶೈಲಜಾ ಕಿರುಚಿದ್ದಕ್ಕೆ ಎದುರು ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. ಅಂಬಪ್ಪ ಜೇಬಿನಿಂದ ಬ್ಯಾಂಕಿನ ಕಾಗದ ತೆಗೆದು, ಮಡಿಕೆ ಬಿಚ್ಚಿ ಒಮ್ಮೆ ಪೂರ್ತಿ ಓದಿ, ನಾಲ್ಕು ತುಂಡು ಮಾಡಿದ. ಆಡಿದ ಮಾತಿಗೆ ಮೊಹರು.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಗಾಳೆಮ್ಮ ಮೊರ ಆಡಿಸುತ್ತಲೇ ಕೇಳಿದಳು: “ಎರಡು ಸಾವಿರ ಮಂದಿ ಉಂಡ್ರೇನಬೇ?”

“ಇನ್ನಾ ಉಂಡಿಲ್ಲ ಆಯಿ. ಉಣ್ಣಾಕ ಬರ್ತೀವಿ ಅಂತ ಹೆಸರು ಬರಸ್ಯಾರ.”

“ಹಂಗಾದ್ರ ಕುಣೀತೀ ಯಾಕ? ಅಡಗಿ ಮಾಡು ನಡಿ.”

ಎಲ್ಲರೂ ನಕ್ಕರು. ಮೇಘಾ ನಗುತ್ತಲೇ, ಅದು ಎಷ್ಟು ನಿಜವೆಂದು ತಿಳಿದು, ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಟ್ಟಿದ್ದು ಒಂದು ಪಂಕ್ತಿ. ಇಡೀ ಆಟಕ್ಕೆ ಇಪ್ಪತ್ತು ಬೇಕು. ಇನ್ನೊಂದು ವರ್ಷವಾದರೂ ಬೇಕು. ಆಮೇಲೂ ಬಂದವರೆಲ್ಲ ಕೊಂಡಾರೆಂದೇನಿಲ್ಲ. ಆದರೆ ಒಲೆ ಹೊತ್ತಿಕೊಂಡಿತ್ತು.

ಮಂಗಳವಾರ ಬೆಳಿಗ್ಗೆ ಗುರುಬಸವಪ್ಪ ಅಂಬಪ್ಪನ ಮನೆಯ ಮುಂದೆ ಬಂದು ನಿಂತರು. ಒಂದು ಕೈಯಲ್ಲಿ ಬಿಸಿ ಆರದಂತೆ ಕಂಬಳಿ ತುಂಡು ಸುತ್ತಿ ಮುಚ್ಚಿದ ಹಿತ್ತಾಳೆಯ ಬೋಗುಣಿ, ಇನ್ನೊಂದರಲ್ಲಿ ಸವುಟು, ಕಂಕುಳಲ್ಲಿ ಮುತ್ತಲೆಲೆಯ ಕಟ್ಟು. ಚಪ್ಪಲಿ ಬೀದಿಯಲ್ಲೇ ಬಿಟ್ಟಿದ್ದರು. ಗಾಳೆಮ್ಮ ಕಟ್ಟೆಯ ಮೇಲಿದ್ದಳು.

“ಯಾರು?”

“ಗುರುಬಸವ, ಗುರುಗುಂಟಾದಾಂವ. ಮಠದಾಗ ಬಡಿಸ್ತೀನಿ. ನಿನ್ನ ಎಲಿ ಹಾಕಾಕ ಬಂದೀನವ್ವಾ. ಒಪ್ಪಿದ್ರ.”

ಒಳಗಿಂದ ಬಂದ ಅಂಬಪ್ಪ ಬಾಗಿಲಲ್ಲಿ ಗಟ್ಟಿಯಾಗಿ ನಿಂತ. “ನಮ್ಮನ್ಯಾಗ ಊಟ ಆಗೇತ್ರಿ.”

“ನಿಂದ ಆಗೇತಿ,” ಎಂದಳು ಗಾಳೆಮ್ಮ, ಮಗನತ್ತ ತಿರುಗದೆ. “ನಂದ ಆಗಿಲ್ಲ.” ಗುರುಬಸವಪ್ಪನವರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಮುಟ್ಟಬಾರದಂತ ಕಟ್ಟಿ ಮ್ಯಾಲ ನಿಂತು ನಮ್ಮ ಉಡ್ಯಾಗ ಸುರೂತಿದ್ರಿ ನೀವು. ಒಂದ ಸಲ ಬಿಸಿ ಹುಗ್ಗಿ ಬಿದ್ದು ಉಡಿ ಸುಟ್ಟು ತೊಡಿ ಬೊಬ್ಬಿ ಎದ್ದಿತ್ತು. ಸಣ್ಣ ಹುಡುಗ ಒಬ್ಬಾಂವ ಸುರದಿದ್ದ.”

“ಗೊತ್ತೈತೆವ್ವಾ,” ಎಂದರು ಗುರುಬಸವಪ್ಪ. “ನಾನ ಅಂವ.”

ಗಾಳೆಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗು ಸರಿಮಾಡಿಕೊಂಡು, ಕಟ್ಟೆಯಿಂದಿಳಿದು ಒಳಗೆ ನಡೆದಳು. ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಮಡಚಿ ಕೂತಳು. ಮೇಘಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಅಂಬಪ್ಪ ಬಾಗಿಲಿನಿಂದ ಸರಿದು, ತಂಬಿಗೆಯಲ್ಲಿ ನೀರು ತಂದು ತಾಯಿಯ ಪಕ್ಕ ಇಟ್ಟ.

ಗುರುಬಸವಪ್ಪ ಎಲೆ ಹಾಸಿದರು. ಉಪ್ಪು ಇಟ್ಟರು. ಬೋಗುಣಿಯ ಮುಚ್ಚಳ ತೆಗೆದು, ಸವುಟಿನಲ್ಲಿ ಹುಗ್ಗಿಯನ್ನು ನಿಧಾನವಾಗಿ ತಿರುವಿ, ಹಬೆ ಹದಕ್ಕೆ ಬರುವ ತನಕ ಕಾದರು. ಆಮೇಲೆ ಎರಡೂ ಮೊಣಕಾಲೂರಿ ಬಗ್ಗಿ, ಸವುಟನ್ನು ಎಲೆಗೆ ತಾಗುವಷ್ಟು ಕೆಳಗಿಳಿಸಿದರು. ಹುಗ್ಗಿ ಸದ್ದಿಲ್ಲದೆ ಎಲೆಗೆ ಇಳಿಯಿತು.